ಬ್ರಾತ್ಸ್ಲಾವಿನ ರಬ್ಬಿ ನಹಮಾನರು

ದೇವರನ್ನು ನಂಬುವವರು ಲೋಕದಲ್ಲಿ ಬಹುಮಂದಿ ಇರುವರು. ಆ ದೇವರು ತನ್ನನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿರುವನು, ತನ್ನ ಅಲ್ಪಸೇವೆಯೂ ಆತನಿಗೆ ಪ್ರಿಯವಾಗಿರುವುದು ಎಂದು ನಂಬುವವರು ಮಾತ್ರ ವಿರಳ. ನಿತ್ಯನೇಮಗಳನ್ನು ತಪ್ಪದೆ ನಡೆಯಿಸುತ್ತಿದ್ದರೂ, ತಾನು ಯಾವುದಕ್ಕೂ ಬಾರದವನೆಂಬ ಕೊರಗಿನಿಂದ ಒಳಗೊಳಗೇ ಒಣಗಿಹೋಗುವ ಸಾಧಕರು ಎಲ್ಲ ಮತಗಳಲ್ಲಿಯೂ ಉಂಟು. ಈ ಕೊರಗನ್ನು ವಿನಯವೆಂದು ಭ್ರಮಿಸಲಾಗದು, ಅದು ದೈವಶ್ರದ್ಧೆಯಲ್ಲಿಯೇ ಉಳಿದಿರುವ ಒಂದು ಕೊರತೆ ಎಂಬುದನ್ನು ಯೆಹೂದ್ಯರ ಹಸೀದ ಪಂಥದ ಗುರುಗಳು ವಿಶದವಾಗಿ ಬೋಧಿಸಿರುವರು. ಅವರೊಳಗೆ ಈ ತತ್ತ್ವವನ್ನು ಗ್ರಂಥದಿಂದ ಕಲಿತುದಕ್ಕಿಂತ ಹೆಚ್ಚಾಗಿ ತಮ್ಮ ಬಾಳಿನ ಸಂಕಟದಿಂದ ಕಲಿತವರು ಬ್ರಾತ್ಸ್ಲಾವಿನ ರಬ್ಬಿ ನಹಮಾನರು. ರಬ್ಬಿಯೆಂದರೆ ಯೆಹೂದ್ಯರಲ್ಲಿ ಶಾಸ್ತ್ರಗುರು. ಇವರು ಬದುಕಿದುದು ಮೂವತ್ತೆಂಟು ವರುಷ ಮಾತ್ರ. ಆದರೂ ಇನ್ನೂರು ವರುಷಗಳ ತರುವಾಯವೂ ಇವರ ಸಮಾಧಿಯನ್ನು ಅರಸಿಕೊಂಡು ಜನರು ಸಮುದ್ರಗಳನ್ನು ದಾಟಿ ಬರುತ್ತಿರುವರು.

ಇವರ ಚರಿತ್ರೆಯನ್ನು ತಿಳಿಯಬೇಕಾದರೆ ಮೊದಲು ಆ ಕಾಲದ ಯೆಹೂದ್ಯರ ಸ್ಥಿತಿಯನ್ನು ಸ್ವಲ್ಪ ಅರಿತಿರಬೇಕು. ಪೋಲೆಂಡಿನ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಯುಕ್ರೇನ್ ಪ್ರಾಂತದಲ್ಲಿ 1648ರಲ್ಲಿ ಎದ್ದ ಕೊಸಾಕರ ದಂಗೆಯಲ್ಲಿ ಅಸಂಖ್ಯಾತ ಯೆಹೂದ್ಯರು ಹತರಾದರು. ಆ ಗಾಯ ಮಾಯುವ ಮುನ್ನವೇ ಸಬ್ಬತಾಯ್ ತ್ಸವಿ ಎಂಬವನು ತಾನೇ ಬರಬೇಕಾಗಿದ್ದ ಉದ್ಧಾರಕನೆಂದು ಸಾರಿಕೊಳ್ಳಲು, ಜನರು ಹಿಗ್ಗಿ ಅವನನ್ನು ನಂಬಿದರು. ಅವನೋ 1666ರಲ್ಲಿ ತುರ್ಕಿಯ ಸುಲ್ತಾನನಿಗೆ ಹೆದರಿ ಮತಾಂತರ ಹೊಂದಿದನು. ಹೀಗೆ ಪ್ರಾಣವೂ ಆಸೆಯೂ ಒಂದರ ಹಿಂದೊಂದು ಹೋದ ಮೇಲೆ ಉಳಿದುದು ಪಂಡಿತರ ಶಾಸ್ತ್ರಚರ್ಚೆ ಮಾತ್ರ. ತಾಲ್ಮೂದ್ ಎಂಬ ಮಹಾಧರ್ಮಶಾಸ್ತ್ರವನ್ನು ಓದಬಲ್ಲವನೇ ಮನುಷ್ಯ, ಓದಲಾರದ ಗಾಡಿಕಾರನೂ ಚಮ್ಮಾರನೂ ದೇವರ ದೃಷ್ಟಿಗೆ ಬೀಳದವರು ಎಂಬಂತಹ ಭಾವನೆ ಊರೂರಲ್ಲಿ ಬೇರೂರಿತ್ತು. ಈ ಸಮಯದಲ್ಲಿ ತಲೆದೋರಿದವರು ಬಾಲ್ ಷೆಮ್ ತೊವ್ ಎಂದು ಪ್ರಖ್ಯಾತರಾದ ಇಸ್ರಾಯೇಲ್ ಗುರುಗಳು. ಹೃದಯದಿಂದ ಹೊರಟ ಕರೆ ಅಕ್ಷರವರಿಯದವನದಾದರೂ ಮೇಲಕ್ಕೆ ಮುಟ್ಟುವುದೆಂದೂ, ದುಃಖಕ್ಕಿಂತ ಹರ್ಷವೇ ಪೂಜೆಗೆ ಯೋಗ್ಯವೆಂದೂ ಅವರು ತಿಳಿಸಿದರು. ಅವರ ಅನುಯಾಯಿಗಳಿಗೆ ಹಸೀದರು, ಅಂದರೆ ಭಕ್ತರು, ಎಂದು ಹೆಸರಾಯಿತು. ಈ ಭಕ್ತರು ಆಶ್ರಯಿಸುವ ಸದ್ಗುರುವಿಗೆ ತ್ಸದ್ದೀಕ್ ಎಂದು ಹೆಸರು. ಬಾಲ್ ಷೆಮ್ ತೊವರು 1760ರಲ್ಲಿ ಮೆಜಿಬೂಝ್ ಎಂಬ ಊರಿನಲ್ಲಿ ದೇಹವಿಟ್ಟರು.

ಅದೇ ಊರಿನಲ್ಲಿ, ಅವರದೇ ಮನೆತನದಲ್ಲಿ, 1772ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ನಹಮಾನರು ಹುಟ್ಟಿದರು. ತಾಯಿ ಫೈಗಾ ಬಾಲ್ ಷೆಮ್ ತೊವರ ಮಗಳ ಮಗಳು. ತಂದೆ ಸಿಂಹಾ ಹೊರೊದೆಂಕದ ನಹಮಾನರೆಂಬ ಇನ್ನೊಬ್ಬ ಹಿರಿಯ ಸಾಧಕರ ಮಗ. ಮಗುವಿಗೆ ಈ ಅಜ್ಜನ ಹೆಸರನ್ನೇ ಇಟ್ಟರು. ಆ ವರುಷವೇ ವಿಲ್ನಾ ಪಟ್ಟಣದ ಪಂಡಿತರು ಹಸೀದರಿಗೆ ಬಹಿಷ್ಕಾರ ಹಾಕಿದರು. ಆ ವರುಷವೇ ಪೋಲೆಂಡ್ ರಾಜ್ಯವನ್ನು ನೆರೆಯ ಮೂವರು ಅರಸರು ಮೊದಲ ಸಲ ಹಂಚಿಕೊಂಡರು. ಹೊರಗೆ ರಾಜ್ಯ ಒಡೆಯುತ್ತಿದ್ದಿತು, ಒಳಗೆ ಧರ್ಮ ಒಡೆಯುತ್ತಿದ್ದಿತು. ಇಂತಹ ಸಂಧಿಕಾಲದಲ್ಲಿ ಮಹಾಗುರುವಿನ ಮರಿಮೊಮ್ಮಗನಾಗಿ ಹುಟ್ಟುವುದು ಭಾಗ್ಯವೆಂದು ಹೇಳಬಹುದು, ಭಾರವೆಂದೂ ಹೇಳಬಹುದು. ಬಾಲಕನಿಗೆ ಅದು ಭಾರವಾಗಿಯೇ ತೋರಿತೆಂದು ಊಹಿಸಲು ಕಾರಣಗಳಿವೆ.

ದೊಡ್ಡವರ ಮನೆಯ ಮಗುವಿಗೆ ವಿದ್ಯೆ ತಾನಾಗಿಯೇ ಬರುವುದೆಂದು ಜನರು ತಿಳಿದಿರುವರು. ನಹಮಾನರಿಗೆ ಹಾಗೆ ಬರಲಿಲ್ಲ. ಪಾಠ ಅರ್ಥವಾಗದಿದ್ದಾಗ ಅವರು ಪುಸ್ತಕದ ಮುಂದೆ ಕುಳಿತು, ತಿಳಿವು ಕೊಡೆಂದು ದೇವರನ್ನು ಬೇಡಿ ಅಳುತ್ತಿದ್ದರು. ದಿನಕ್ಕೆ ಹೆಚ್ಚು ಪುಟಗಳನ್ನು ಹೇಳಿಕೊಡಲೆಂದು ಉಪಾಧ್ಯಾಯನಿಗೆ ತಂದೆ ಕೊಡುತ್ತಿದ್ದ ವೇತನವಲ್ಲದೆ ತಮ್ಮ ಕೈಯ ಹಣವನ್ನೂ ಕೊಡುತ್ತಿದ್ದರು. ನಾಲಿಗೆಯ ರುಚಿಯನ್ನು ಗೆಲ್ಲಬೇಕೆಂದು ಅನ್ನವನ್ನು ಅಗಿಯದೆ ನುಂಗಿ ಗಂಟಲು ಊದಿಸಿಕೊಂಡುದೂ ಉಂಟು. ರಾತ್ರಿಯ ಹೊತ್ತು ಮುತ್ತಜ್ಜನ ಸಮಾಧಿಗೆ ಹೋಗಿ, ದೇವರ ಸಮೀಪಕ್ಕೆ ತನ್ನನ್ನು ಸೆಳೆದುಕೊಳ್ಳುವಂತೆ ಮೊರೆಯಿಡುತ್ತಿದ್ದರು. ಹೊರಗಿನವರಿಗೆ ಇದೊಂದೂ ತಿಳಿಯದು. ಆಟವಾಡುವ ತುಂಟ ಹುಡುಗನೆಂದೇ ಎಣಿಸಿದ್ದರು.

ಈ ಕಠಿಣ ನಿಯಮಗಳಿಗಿಂತ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಎಷ್ಟು ಮೊರೆಯಿಟ್ಟರೂ ಯಾರೂ ಕೇಳುತ್ತಿಲ್ಲವೆಂಬ ಅನುಭವವೇ ಬಾಲಕನಿಗೆ ಆಗುತ್ತಿತ್ತು. ತನ್ನನ್ನು ದೂರ ತಳ್ಳುತ್ತಿರುವರೆಂದು ತೋರಿ, ಕೆಲವು ದಿನ ಪ್ರಾರ್ಥನೆಯೇ ನಿಂತುಹೋಗುತ್ತಿತ್ತು. ಆಮೇಲೆ ದಯಾಮಯನ ಮೇಲೆ ದೂರು ಹೊರಿಸಿದೆನಲ್ಲಾ ಎಂದು ನಾಚಿ, ಮತ್ತೆ ಮೊದಲಿನಿಂದ ತೊಡಗುತ್ತಿದ್ದರು. ಒಂದೇ ದಿನದಲ್ಲಿ ಹಲವು ಸಲ ಬೀಳುವುದು, ಪ್ರತಿಸಲವೂ ಇದೇ ತನ್ನ ಮೊದಲನೆಯ ದಿನವೆಂಬಂತೆ ಏಳುವುದು ಅವರಿಗೆ ರೂಢಿಯಾಯಿತು. ಮುಂದೆ ಶಿಷ್ಯರಿಗೆ ಅವರು ಕೊಟ್ಟ ಉಪದೇಶವೆಲ್ಲವೂ ಈ ಅಭ್ಯಾಸದಿಂದಲೇ ಹೊರಟಿತೆಂದರೆ ತಪ್ಪಾಗಲಾರದು.

ಹದಿಮೂರನೆಯ ವಯಸ್ಸಿನಲ್ಲಿ ಅವರಿಗೆ ಉಸ್ಯಾತಿನ್ ಗ್ರಾಮದ ಎಫ್ರಾಯಿಮ್ ಎಂಬವರ ಮಗಳಾದ ಸೋಸಿಯಾಳೊಡನೆ ವಿವಾಹವಾಯಿತು. ವಿವಾಹದ ದಿನವೇ ಷಿಮೋನ್ ಎಂಬ, ವಯಸ್ಸಿನಲ್ಲಿ ತಮಗಿಂತ ಹಿರಿಯನಾದ ಯುವಕನೊಬ್ಬನು ಅವರ ಮಾತಿಗೆ ಮನಸೋತು ಪ್ರಥಮ ಶಿಷ್ಯನಾದನು. ಮಾವನ ಮನೆಯ ಸುತ್ತ ಹೊಲಗಳೂ ಕಾಡೂ ಹೊಳೆಯೂ ಇದ್ದುವು. ಪೇಟೆಯ ಪ್ರಾರ್ಥನಾಮಂದಿರದಲ್ಲಿ ದೊರೆಯದ ಏಕಾಂತವು ಅಲ್ಲಿ ದೊರೆಯಿತು. ಹುಟ್ಟುಹಾಕಲು ಸರಿಯಾಗಿ ಬಾರದಿದ್ದರೂ ಸಣ್ಣ ದೋಣಿಯೊಂದನ್ನು ಏರಿ ನಡುಹೊಳೆಗೆ ಹೋಗಿ, ದೋಣಿ ಹೊಯ್ದಾಡತೊಡಗಿದಾಗ ದೇವರನ್ನು ಕೂಗುವುದು ಅವರಿಗೆ ಅಲ್ಲಿ ಬಳಕೆಯಾಯಿತು. ಮುಳುಗುವವನು ಕರೆಯುವ ರೀತಿಯನ್ನು ದಡದಲ್ಲಿ ಕುಳಿತು ಕಲಿಯಲಾಗದು ಎಂಬುದು ಅವರ ಅಭಿಪ್ರಾಯವಿದ್ದಿರಬೇಕು.

ಕೆಲವು ವರುಷಗಳ ಅನಂತರ ಅವರು ಮೆದ್ವೆದೆವ್ಕ ಎಂಬ ಊರಿಗೆ ಬಂದು ನೆಲೆಸಿದರು. ಅಲ್ಲಿ ಶಿಷ್ಯವರ್ಗ ಬೆಳೆಯಿತು. 1798ರ ಮೇ ತಿಂಗಳಲ್ಲಿ ಅವರು ಒಮ್ಮೆಗೇ ಇಸ್ರಾಯೇಲರ ಪುಣ್ಯಭೂಮಿಗೆ ಯಾತ್ರೆ ಹೊರಟರು. ಕೈಯಲ್ಲಿ ಹಣವಿರಲಿಲ್ಲ. ಮನೆಯ ಸಾಮಾನುಗಳನ್ನು ಮಾರಿದರು. ಹೆಂಡತಿ ಮಕ್ಕಳ ಗತಿಯೇನೆಂಬ ಪ್ರಶ್ನೆ ಬಂದಾಗ, ಹೆಂಡತಿ ಯಾರ ಮನೆಯಲ್ಲಾದರೂ ಅಡಿಗೆಯವಳಾಗಿರಲಿ, ಹಿರಿಯ ಮಗಳು ಪರರ ಮನೆಯಲ್ಲಿ ಕೆಲಸಕ್ಕಿರಲಿ ಎಂಬಂತೆ ಉತ್ತರ ಕೊಟ್ಟರಂತೆ. ಅವರ ಅಚ್ಚುಮೆಚ್ಚಿನ ಶಿಷ್ಯರೇ ಇದನ್ನು ಮುಚ್ಚಿಡದೆ ಬರೆದಿಟ್ಟಿರುವರು. ಮಹಾತ್ಮರ ನಡತೆಯೆಂಬ ಮಾತ್ರಕ್ಕೆ ಇದನ್ನು ಕೊಂಡಾಡುವುದು ಕಷ್ಟ. ಮನೆಯವರ ಕಣ್ಣೀರಿನ ಮೇಲೆ ನಡೆದ ಯಾತ್ರೆಯದು ಎಂದೇ ಒಪ್ಪಿಕೊಳ್ಳಬೇಕು.

ಷಿಮೋನನೇ ಆ ಯಾತ್ರೆಯ ಸಂಗಾತಿ. ಇಸ್ತಾಂಬೂಲಿನಲ್ಲಿ ಹಡಗಿಗಾಗಿ ಕಾಯುತ್ತಿದ್ದಾಗ ನಹಮಾನರು ತಾವು ಯಾರೆಂಬುದನ್ನು ಹೇಳದೆ, ಬರಿಗಾಲಿನಲ್ಲಿ, ತಲೆಗೆ ಟೊಪ್ಪಿಗೆಯೂ ನಡುವಿಗೆ ಪಟ್ಟಿಯೂ ಇಲ್ಲದೆ ಬೀದಿಯಲ್ಲಿ ಅಲೆದರು. ಹುಡುಗರೊಡನೆ ಕೂಡಿ ಯುದ್ಧದಾಟ ಆಡಿದರು. ಬೈದವರ ಬೈಗುಳನ್ನು ಸುಮ್ಮನೆ ಸಹಿಸಿದರು. ಎತ್ತರಕ್ಕೆ ಏರಬೇಕಾದವನು ಮೊದಲು ಚಿಕ್ಕವನಾಗಬೇಕು, ಕುಲದ ಹೆಮ್ಮೆಯನ್ನು ಕಳಚಿದವನಿಗೆ ಮಾತ್ರ ಆ ಭೂಮಿಯ ಪ್ರವೇಶ ದೊರಕುವುದು ಎಂದು ಅವರು ನಂಬಿದ್ದರು. ಸೆಪ್ಟೆಂಬರಿನಲ್ಲಿ, ಯೆಹೂದ್ಯರ ಹೊಸವರುಷದ ಮುನ್ನಾದಿನ, ಹೈಫಾದಲ್ಲಿ ಕಾಲಿಟ್ಟರು. ನಾಲ್ಕು ಮೊಳ ನಡೆದೊಡನೆ ತಮ್ಮ ಉದ್ದೇಶ ನೆರವೇರಿತೆಂದು ಹೇಳಿ ಹಿಂದಿರುಗಲು ಬಯಸಿದರೂ, ಸಂಗಾತಿಯ ಒತ್ತಾಯದಿಂದ ಚಳಿಗಾಲವನ್ನು ಅಲ್ಲಿಯೇ ಕಳೆದು, ತಿಬೇರಿಯಸ್ಸಿನಲ್ಲಿದ್ದ ಅಜ್ಜನ ಸಮಾಧಿಯನ್ನು ದರ್ಶಿಸಿದರು. 1799ರ ವಸಂತದಲ್ಲಿ ನೆಪೋಲಿಯನ್ನನ ಸೈನ್ಯ ಆಕ್ರೆ ಕೋಟೆಯನ್ನು ಮುತ್ತಲು ಬರುತ್ತಿರಲು, ಗದ್ದಲದಲ್ಲಿ ಇವರು ಪ್ರಯಾಣಿಕರ ಹಡಗೆಂದು ತಿಳಿದು ತುರ್ಕರ ಯುದ್ಧನೌಕೆಯನ್ನು ಹತ್ತಿಬಿಟ್ಟರು. ಗುಲಾಮರಾಗಿ ಮಾರಾಟವಾಗುವ ಭಯದಲ್ಲಿ ದಿನಗಳನ್ನು ಕಳೆದು, ಕಡೆಗೆ ರೋಡ್ಸ್ ದ್ವೀಪದ ಯೆಹೂದ್ಯರು ಹಣ ತೆತ್ತು ಬಿಡಿಸಿದ್ದರಿಂದ ಊರು ಸೇರಿದರು. ಈ ಯಾತ್ರೆಗಿಂತ ಮುಂಚೆ ತಾವು ಮಾಡಿದ ಪ್ರವಚನಗಳನ್ನು ತಮ್ಮ ಗ್ರಂಥದಲ್ಲಿ ಸೇರಿಸಲು ಅವರು ಒಪ್ಪುತ್ತಿರಲಿಲ್ಲ.

1800ರಲ್ಲಿ ಜ್ಲಾತೊಪೋಲ್ ಎಂಬ ಊರಿಗೆ ಬಂದು ನಿಂತಾಗ ವಿರೋಧ ಪ್ರಾರಂಭವಾಯಿತು. ಸಮೀಪದ ಷ್ಪೋಲದಲ್ಲಿದ್ದ ಆರ್ಯೇ ಲೈಬ್ ಎಂಬ ವೃದ್ಧ ಗುರುಗಳು, ಇಪ್ಪತ್ತೆಂಟು ವರುಷದ ಈ ತರುಣನು ತಮ್ಮ ಎಲ್ಲೆಯೊಳಗೆ ಬಂದು ಹೊಸ ಮಾತು ಆಡುತ್ತಿರುವುದನ್ನು ಸಹಿಸಲಿಲ್ಲ. ಮುಂದೆ ಸ್ವಂತ ಸೋದರಮಾವನಾದ ಬಾರೂಖ್ ಗುರುಗಳೂ ಮುನಿದರು. ಬೆರ್ದಿಚೇವಿನ ಲೇವಿ ಯಿತ್ಸಹಾಕರಂತಹ ಹಿರಿಯರು ನಹಮಾನರ ಪಕ್ಷದಲ್ಲಿದ್ದರೂ ಕಲಹ ಶಮನವಾಗಲಿಲ್ಲ. ಇಲ್ಲಿ ನಹಮಾನರು ಕೊಟ್ಟ ವಿವರಣೆ ವಿಲಕ್ಷಣವಾಗಿದೆ. ವಿರೋಧಿಗಳನ್ನು ದೂಷಿಸುವುದಕ್ಕೆ ಬದಲಾಗಿ, ಒಬ್ಬನಿಗೆ ತನ್ನಲ್ಲಿಯೇ ನಂಬಿಕೆ ಸಾಲದಿರುವುದರಿಂದ ಕೆಲವು ವೇಳೆ ಅವನ ಮೇಲೆ ವಿರೋಧ ಏಳುವುದೆಂದು ಅವರು ಬೋಧಿಸಿದರು. ತನ್ನ ಶಾಸ್ತ್ರಚಿಂತನೆಯಲ್ಲಿ ದೇವರು ಸಂತೋಷಪಡುವನೆಂಬುದನ್ನು ನಂಬದೆ ಅದನ್ನು ಅಲಕ್ಷಿಸಿದವನಿಗೆ ಹೊರಗಿನಿಂದ ಕಾಟ ಬರುವುದು. ಆ ಕಾಟದ ದೆಸೆಯಿಂದ ಅವನು ಮರಳಿ ತನ್ನ ಚಿಂತನೆಗೆ ಬೆಲೆ ಕೊಡುವನು. ಕಲಹಕ್ಕೆ ಇದೇ ಕಾರಣವೆಂದು ಎಲ್ಲರೂ ಒಪ್ಪಲಾರರು. ಆದರೆ ಸುತ್ತಲೂ ನಿಂದೆ ಕೇಳಿಬರುತ್ತಿರುವಾಗ ತನ್ನೊಳಗಿನ ಬಿರುಕನ್ನು ಮೊದಲು ಹುಡುಕಿದುದು ಸಾಮಾನ್ಯ ಮನಸ್ಸಿನ ಕೆಲಸವಲ್ಲ.

1802ರಲ್ಲಿ ಅವರು ಬ್ರಾತ್ಸ್ಲಾವ್ ಪಟ್ಟಣಕ್ಕೆ ಬಂದರು. ಆ ಊರಿನ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಆಗಲೇ ನೆಮಿರೋವಿನ ನಾಥಾನ್ ಎಂಬ ಇಪ್ಪತ್ತೆರಡು ವರುಷದ ವಿದ್ವಾಂಸನು ಬಂದು ಅವರ ಪಾದವನ್ನು ಆಶ್ರಯಿಸಿದನು. ಇವನ ಮಾವ ಹಸೀದರನ್ನು ಒಪ್ಪದ ಪಂಡಿತ. ಮನೆಯವರೆಲ್ಲರೂ ಅಡ್ಡಿ ಮಾಡಿದರು. ಶಾಸ್ತ್ರವೆಲ್ಲ ತಿಳಿದಿದ್ದರೂ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದೆ, ಹಲವು ಗುರುಗಳ ಬಳಿಗೆ ಹೋಗಿ ಬರಿಗೈಯಲ್ಲಿ ಮರಳಿದ್ದ ನಾಥಾನನಿಗೆ ಇಲ್ಲಿ ನೆಲೆ ಸಿಕ್ಕಿತು. ಗುರುವಿನ ಬಾಯಿಂದ ಬಂದ ಮಾತುಗಳನ್ನು ಕಾಗದಕ್ಕೆ ಇಳಿಸುವುದೇ ಅವನ ಜನ್ಮದ ಕೆಲಸವಾಯಿತು. ಅವನಿಲ್ಲದಿದ್ದರೆ ನಹಮಾನರ ಹೆಸರು ಆ ಪ್ರಾಂತದ ಹೊರಗೆ ಕೇಳಿಬರುತ್ತಿತ್ತೋ ಇಲ್ಲವೋ ಸಂದೇಹ.

ನಹಮಾನರು ಬೋಧಿಸಿದ ಆತ್ಮಶ್ರದ್ಧೆ ಹೊಸದಾಗಿ ಕಲ್ಪಿಸಿದುದಲ್ಲ. ಅದರ ಬೇರು ಯೆಹೂದ್ಯರ ಪುರಾತನ ಗ್ರಂಥಗಳಲ್ಲಿಯೇ ಇದೆ. ಸುಮಾರು ಕ್ರಿ. ಶ. 200ರ ಹೊತ್ತಿಗೆ ಸಂಗ್ರಹವಾದ ಮಿಷ್ನಾ ಎಂಬ ಧರ್ಮಸಂಹಿತೆಯಲ್ಲಿ, ದೇವರು ಆದಿಯಲ್ಲಿ ಒಬ್ಬನೇ ಮನುಷ್ಯನನ್ನು ಏಕೆ ಸೃಜಿಸಿದನೆಂಬ ವಿಚಾರ ಬರುತ್ತದೆ. ಲೋಕದ ಅರಸನು ಒಂದೇ ಅಚ್ಚಿನಿಂದ ಹೊಡೆದ ನಾಣ್ಯಗಳೆಲ್ಲ ಒಂದೇ ತೆರನಾಗಿರುವುವು. ಪರಮೇಶ್ವರನು ಆದಿಮಾನವನೆಂಬ ಒಂದೇ ಅಚ್ಚಿನಿಂದ ಎಲ್ಲರನ್ನೂ ಹೊಡೆದಿದ್ದರೂ ಒಬ್ಬನಂತೆ ಇನ್ನೊಬ್ಬನಿಲ್ಲ. ಆದುದರಿಂದ ಈ ಜಗತ್ತು ತನಗಾಗಿಯೇ ನಿರ್ಮಿತವಾಯಿತೆಂದು ಪ್ರತಿಯೊಬ್ಬನೂ ಭಾವಿಸತಕ್ಕದ್ದೆಂದು ಆ ಸಂಹಿತೆ ವಿಧಿಸುವುದು. ಅದೇ ಸಂಹಿತೆಯ ನೀತಿಭಾಗದಲ್ಲಿ, ಮನುಷ್ಯನು ತನ್ನನ್ನು ತಾನೇ ದುಷ್ಟನೆಂದು ತೀರ್ಮಾನಿಸಿಕೊಳ್ಳಲಾಗದೆಂಬ ನಿಷೇಧವೂ ಇದೆ. ಅದಕ್ಕೂ ಹಿಂದಿನದು ಅರಣ್ಯಕಾಂಡದ ಕಥೆ. ಕಾನಾನ್ ದೇಶವನ್ನು ನೋಡಿಬರಲು ಮೋಶೆಯು ಕಳುಹಿಸಿದ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ, ಅಲ್ಲಿಯ ದೈತ್ಯರ ಮುಂದೆ ತಾವು ಮಿಡತೆಗಳಂತೆ ಕಂಡೆವೆಂದು ಹೇಳಿ ಜನರ ಎದೆಗೆಡಿಸಿದರು. ಮೊದಲು ಅವರು ಮಿಡತೆಗಳಾದದ್ದು ತಮ್ಮ ಕಣ್ಣಿನಲ್ಲಿಯೇ ಎಂಬುದನ್ನು ಆ ಕಥೆ ಮರೆಯದೆ ಹೇಳುವುದು. ಆ ಒಂದು ಮಾತಿನ ಫಲವಾಗಿ ಇಡೀ ಜನಾಂಗವು ನಲವತ್ತು ವರುಷ ಮರುಭೂಮಿಯಲ್ಲಿ ತಿರುಗಬೇಕಾಯಿತು.

ಹಸೀದರು ಈ ಬೇರಿಗೆ ನೀರೆರೆದರು. 1800ರಲ್ಲಿ ತೀರಿಕೊಂಡ ಅನಿಪೋಲಿಯ ಜುಷ್ಯಾ ಎಂಬ ಬಡ ಸಾಧಕರ ವಿಷಯದಲ್ಲಿ ಒಂದು ಐತಿಹ್ಯವಿದೆ: ಪರಲೋಕದಲ್ಲಿ ತಾನೇಕೆ ಮೋಶೆಯಂತಾಗಲಿಲ್ಲವೆಂದು ಯಾರೂ ಕೇಳಲಾರರು, ಜುಷ್ಯಾ ಏಕೆ ಜುಷ್ಯಾ ಆಗಲಿಲ್ಲವೆಂದು ಕೇಳಿದರೆ ಮಾತ್ರ ತನ್ನಲ್ಲಿ ಉತ್ತರವಿಲ್ಲವೆಂದು ಅವರು ಅಂಜುತ್ತಿದ್ದರಂತೆ. ನಹಮಾನರ ತರುವಾಯ ಬಂದ ಲೂಬ್ಲಿನ್ನಿನ ತ್ಸಾದೋಕ್ ಗುರುಗಳು (1823–1900) ಇನ್ನೂ ನೇರವಾಗಿ, ದೇವರನ್ನು ನಂಬಿದ ಮೇಲೆ ಮನುಷ್ಯನು ತನ್ನನ್ನೂ ನಂಬತಕ್ಕದ್ದೆಂದು, ಅಂದರೆ ದೇವರಿಗೆ ತನ್ನಲ್ಲಿ ವ್ಯವಹಾರವಿದೆಯೆಂದು ತಿಳಿಯತಕ್ಕದ್ದೆಂದು ಬರೆದರು.

ಇವರೆಲ್ಲರ ನಡುವೆ ನಹಮಾನರ ವಿಶೇಷವೇನೆಂದರೆ, ತನ್ನಲ್ಲಿ ನಂಬತಕ್ಕದ್ದೇನೂ ಕಾಣದವನು ಏನು ಮಾಡಬೇಕೆಂಬ ಪ್ರಶ್ನೆಗೆ ಅವರು ಉಪಾಯ ಹೇಳಿದರು. ಲಿಕ್ಕುತೇ ಮೊಹರಾನ್ ಎಂಬ ಅವರ ಪ್ರವಚನ ಸಂಗ್ರಹದ ಮೊದಲನೆಯ ಭಾಗದ 282ನೆಯ ಪ್ರಕರಣದಲ್ಲಿ ಅದು ಬಂದಿದೆ. ದಾವೀದನ ಕೀರ್ತನೆಗಳನ್ನು ಆಧಾರವಾಗಿಟ್ಟುಕೊಂಡು ಅವರು ಮೊದಲು ಪರರ ವಿಚಾರವನ್ನು ಎತ್ತುವರು. ಎಂತಹ ದುರಾಚಾರಿಯಲ್ಲಿಯೂ ಹುಡುಕಿದರೆ ಎಲ್ಲಿಯಾದರೂ ಒಂದು ಒಳ್ಳೆಯ ಕಣ ಇದ್ದೇ ಇರಬೇಕು. ಅದನ್ನು ಕಂಡು ಅವನನ್ನು ಪುಣ್ಯದ ತಕ್ಕಡಿಯಲ್ಲಿ ತೂಗಿದರೆ ಅವನು ನಿಜವಾಗಿಯೇ ಆ ಕಡೆಗೆ ತಿರುಗುವನು. ಆಮೇಲೆ ಅದೇ ಕಣ್ಣನ್ನು ಒಳಕ್ಕೆ ಹೊರಳಿಸಬೇಕು. ತನ್ನಲ್ಲಿ ನೋಡಿಕೊಂಡವನಿಗೆ ಮೊದಲು ಏನೂ ಕಾಣದು. ಎಂದೋ ಮಾಡಿದ ಒಂದು ಸತ್ಕಾರ್ಯ ನೆನಪಿಗೆ ಬಂದರೂ, ಅದು ಡಂಭದಿಂದ ಮಾಡಿದುದು, ಅರೆಮನಸ್ಸಿನಿಂದ ಮಾಡಿದುದು ಎಂದು ಮನಸ್ಸೇ ಅದನ್ನು ತಳ್ಳಿಹಾಕುವುದು. ತಳ್ಳಿಹಾಕಗೊಡಬಾರದೆಂದು ನಹಮಾನರ ಹಟ. ನೂರು ದೋಷಗಳ ನಡುವೆಯೂ ಆ ಕಾರ್ಯದ ಒಳಗೆ ಒಂದು ಚುಕ್ಕಿಯಷ್ಟು ಒಳ್ಳೆಯದು ಇದ್ದೇ ಇತ್ತು; ಅದನ್ನು ಎತ್ತಿಕೊಳ್ಳಬೇಕು, ಇನ್ನೊಂದನ್ನು ಹುಡುಕಬೇಕು. ವಾದ್ಯಗಾರನು ತಂತಿಯ ಮೇಲೆ ಬೆರಳಿಟ್ಟು ಅಪಸ್ವರದಿಂದ ಸುಸ್ವರವನ್ನು ಬೇರ್ಪಡಿಸುವಂತೆ, ಇಂತಹ ಚುಕ್ಕಿಗಳನ್ನು ಒಂದೊಂದಾಗಿ ಆಯ್ದು ಜೋಡಿಸಿದರೆ ಅವು ಒಂದು ರಾಗವಾಗುವುವು. ಆಗ ಬತ್ತಿದ ಬಾಯಿಗೆ ಪ್ರಾರ್ಥನೆ ಬರುವುದು. ಪ್ರಾರ್ಥನಾಮಂದಿರದಲ್ಲಿ ಮುಂದೆ ನಿಂತು ಪ್ರಾರ್ಥನೆ ನಡೆಯಿಸುವವನು, ಸಭೆಯಲ್ಲಿರುವ ಪ್ರತಿಯೊಬ್ಬನ ಚುಕ್ಕಿಯನ್ನೂ ಹೀಗೆ ಕೂಡಿಸಬಲ್ಲವನಾಗಿರಬೇಕೆಂದು ಅವರು ಸೇರಿಸಿರುವರು. ಈ ಪ್ರಕರಣವನ್ನು ಶಿಷ್ಯರು ಪದೇ ಪದೇ ಆಚರಣೆಗೆ ತರಬೇಕೆಂದು ಗುರುವಿನ ವಿಶೇಷ ಅಪ್ಪಣೆಯಿತ್ತು.

ಇದರಿಂದ ಅಹಂಕಾರ ಬೆಳೆಯದೇ ಎಂಬ ಶಂಕೆ ಸಹಜ. ನಹಮಾನರು ಈ ಶಂಕೆಯನ್ನೂ ಬಿಟ್ಟಿಲ್ಲ. ತನ್ನ ಬುದ್ಧಿಯನ್ನು ಕುಗ್ಗಿಸಿಕೊಂಡು ಮೂಲೆಯಲ್ಲಿ ಕೂಡುವುದನ್ನು ಜನರು ದೈನ್ಯವೆಂದು ತಪ್ಪಾಗಿ ತಿಳಿದಿರುವರೆಂದೂ, ಅದು ಚಿತ್ತದ ಸಣ್ಣತನವೇ ಹೊರತು ದೈನ್ಯವಲ್ಲವೆಂದೂ ಹೇಳಿದರು. ಇಲ್ಲಿ ತನ್ನ ಹಿರಿಮೆಯ ಮಾತೇ ಇಲ್ಲ. ದೇವರ ಔದಾರ್ಯ ಎಷ್ಟು ದೊಡ್ಡದೆಂದರೆ ಆತನ ದೃಷ್ಟಿಯಲ್ಲಿ ಕಟ್ಟಕಡೆಯವನಿಗೂ ಬೆಲೆಯಿದೆ ಎಂಬುದಷ್ಟೇ ಇಲ್ಲಿಯ ಶ್ರದ್ಧೆ. ತನ್ನನ್ನು ನಂಬದವನು ಆ ಔದಾರ್ಯವನ್ನು ನಂಬಲಿಲ್ಲವೆಂದಾಯಿತು. ಕೆಡಿಸಲು ತನ್ನಿಂದ ಸಾಧ್ಯವೆಂದು ನಂಬುವವನು ಸರಿಪಡಿಸಲು ಸಾಧ್ಯವೆಂಬುದನ್ನೂ ನಂಬತಕ್ಕದ್ದೆಂದು ಅವರ ತರ್ಕ.

ಇದಕ್ಕೆ ಸಾಧನವಾಗಿ ಅವರು ವಿಧಿಸಿದುದು ಏಕಾಂತ ಪ್ರಾರ್ಥನೆ. ಹೀಬ್ರೂ ಭಾಷೆಯಲ್ಲಿ ಇದಕ್ಕೆ ಹಿತ್ಬೋದದೂತ್ ಎಂದು ಹೆಸರು. ನಿಯತವಾದ ಮಂತ್ರಪಾಠಗಳೆಲ್ಲ ಆ ದೇವಭಾಷೆಯಲ್ಲಿದ್ದುವು. ಏಕಾಂತದಲ್ಲಿ ಮಾತ್ರ ಮನೆಯಲ್ಲಿ ಆಡುವ ಯಿದ್ದಿಷ್ ಭಾಷೆಯಲ್ಲಿಯೇ, ಮಗನು ತಂದೆಯೊಡನೆ ಮಾತನಾಡುವಂತೆ, ಗೆಳೆಯನು ಗೆಳೆಯನೊಡನೆ ಮಾತನಾಡುವಂತೆ ದೇವರೊಡನೆ ಮಾತನಾಡಬೇಕೆಂದು ಅವರು ಆಜ್ಞಾಪಿಸಿದರು. ಹೃದಯ ಕರಗುವುದು ತಾಯ್ನುಡಿಯಲ್ಲಿಯೇ ಎಂಬುದು ಅವರು ಕೊಟ್ಟ ಕಾರಣ. ರಾತ್ರಿಯ ಹೊತ್ತು, ಜನಸಂಚಾರವಿಲ್ಲದ ಬಯಲು ಇದಕ್ಕೆ ಉತ್ತಮ. ಅಲ್ಲಿ ಹುಲ್ಲಿನ ಎಸಳುಗಳೂ ಪ್ರಾರ್ಥನೆಯೊಡನೆ ಸೇರಿ ಅದಕ್ಕೆ ಬಲ ಕೊಡುವುವು. ಮಾತೇ ಹೊರಡದಿದ್ದರೆ, ಮಾತು ಹೊರಡುತ್ತಿಲ್ಲವೆಂಬುದನ್ನೇ ಹೇಳಿಕೊಳ್ಳಬೇಕು; ಅದೂ ಆಗದಿದ್ದರೆ ಒಂದೇ ಒಂದು ಪದವನ್ನು ದಿನಗಟ್ಟಲೆ ಹೇಳುತ್ತಿರಬೇಕು.

1806ರಲ್ಲಿ, ಒಂದು ವರುಷ ತುಂಬಿ ಸ್ವಲ್ಪ ದಿನಗಳಾಗಿದ್ದ ಅವರ ಗಂಡು ಮಗು ಷ್ಲೋಮೋ ಎಫ್ರಾಯಿಮ್ ತೀರಿಕೊಂಡಿತು. ಆ ಮಗುವಿನ ಮೇಲೆ ಅವರು ಬಹಳ ಆಸೆಗಳನ್ನಿಟ್ಟಿದ್ದರು. ಆ ಬೇಸಿಗೆಯಿಂದಲೇ ಅವರು ಕಥೆಗಳನ್ನು ಹೇಳಲು ತೊಡಗಿದುದು ಗಮನಿಸತಕ್ಕದ್ದು. ಪ್ರವಚನದಿಂದ ಎಚ್ಚರಗೊಳ್ಳದವರನ್ನು ಕಥೆಯಿಂದ ಎಚ್ಚರಿಸಬೇಕೆಂಬುದು ಅವರ ಉದ್ದೇಶ. ಅರಸುಮಕ್ಕಳು, ಭಿಕ್ಷುಕರು, ಕಾಡುಗಳು, ಕಳೆದುಹೋದ ರಾಜಕುಮಾರಿಯರು ತುಂಬಿದ ಹದಿಮೂರು ಕಥೆಗಳನ್ನು ನಾಥಾನನು 1815ರಲ್ಲಿ ಹೀಬ್ರೂ ಮತ್ತು ಯಿದ್ದಿಷ್ ಎರಡು ಭಾಷೆಗಳಲ್ಲಿಯೂ ಅಚ್ಚು ಹಾಕಿಸಿದನು.

ಅವುಗಳಲ್ಲಿ ಜಾಣನ ಮತ್ತು ಮುಗ್ಧನ ಕಥೆ ಇಲ್ಲಿಯ ವಿಷಯಕ್ಕೆ ಹತ್ತಿರವಾದುದು. ಮುಗ್ಧನು ಚಮ್ಮಾರನ ಕೆಲಸವನ್ನು ಅರೆಬರೆಯಾಗಿ ಕಲಿತವನು. ಅವನು ಹೊಲಿದ ಮೆಟ್ಟು ಮೂರು ಮೂಲೆಯಾಗಿರುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು, ಎಷ್ಟು ಸೊಗಸಾಗಿದೆಯೆಂದು ಅವನು ಹಿಗ್ಗುತ್ತಿದ್ದನು. ಉಳಿದ ಚಮ್ಮಾರರಿಗೆ ಇಮ್ಮಡಿ ಬೆಲೆ ಸಿಕ್ಕುವುದಲ್ಲಾ ಎಂದು ಹೆಂಡತಿ ಕೇಳಿದರೆ, ಅದು ಅವರ ಕೆಲಸ, ಇದು ತನ್ನ ಕೆಲಸ, ಪರರ ಮಾತು ತಮಗೇಕೆ ಎಂದು ಅವನ ಉತ್ತರ. ಒಣ ರೊಟ್ಟಿಯನ್ನೇ ಸಾರು, ಮಾಂಸ, ಪಾಯಸವೆಂದು ಭಾವಿಸಿ ತೃಪ್ತಿಪಟ್ಟು ಉಣ್ಣುತ್ತಿದ್ದನು. ದೇಶದೇಶ ಸುತ್ತಿ ಎಲ್ಲ ವಿದ್ಯೆಗಳನ್ನೂ ಕಲಿತ ಜಾಣನಿಗಾದರೋ ತನ್ನ ಯಾವ ಕೆಲಸದಲ್ಲಿಯೂ ಒಂದು ಕುಂದು ಕಂಡು ಸುಖವೇ ಇಲ್ಲ. ಅರಸನು ಇಬ್ಬರನ್ನೂ ಕರೆಸಿದನು. ಅಷ್ಟು ದೊಡ್ಡ ಅರಸನು ತನ್ನಂತಹ ಅಲ್ಪನನ್ನು ಏಕೆ ಕರೆಯುವನೆಂದು ಜಾಣನು ತರ್ಕಿಸುತ್ತ ಹೋಗಿ, ಕಡೆಗೆ ಅರಸನೇ ಇಲ್ಲವೆಂಬ ಸಿದ್ಧಾಂತಕ್ಕೆ ಬಂದನು. ಮುಗ್ಧನು ಕರೆ ಬಂದೊಡನೆ ಎದ್ದುಹೋಗಿ ಮಂತ್ರಿಯಾದನು. ತನ್ನ ಬೆಲೆಯನ್ನು ಅಲ್ಲಗಳೆದ ಜಾಣನು ಅರಸನನ್ನೇ ಅಲ್ಲಗಳೆಯುವವರೆಗೆ ಹೇಗೆ ಬಂದನೆಂಬುದನ್ನು ಈ ಕಥೆ ಹೆಜ್ಜೆಹೆಜ್ಜೆಯಾಗಿ ತೋರಿಸುವುದು.

ವಿಯೆನ್ನಾದ ಸೇತುವೆಯ ಕೆಳಗೆ ನಿಧಿಯಿದೆಯೆಂದು ಕನಸು ಕಂಡವನ ಕಥೆಯನ್ನೂ ಅವರು ಹೇಳುತ್ತಿದ್ದರು. ಅವನು ಅಲ್ಲಿಗೆ ಹೋದಾಗ ಕಾವಲಿನ ಸಿಪಾಯಿಯೊಬ್ಬನು, ತನಗೂ ಇಂತಹ ಊರಿನ ಇಂತಹವನ ಮನೆಯಲ್ಲಿ ನಿಧಿಯಿರುವಂತೆ ಕನಸು ಬಿದ್ದಿದೆಯೆಂದು ನಕ್ಕನು. ಆ ಮನೆ ಇವನದೇ. ನಿಧಿ ಇರುವುದು ತನ್ನ ಮನೆಯಲ್ಲಿ, ಅದರ ಸುಳಿವು ಸಿಕ್ಕುವುದು ಗುರುವಿನ ಬಳಿಯಲ್ಲಿ ಎಂದು ಅವರು ಇದನ್ನು ವಿವರಿಸುತ್ತಿದ್ದರು.

1807ರಲ್ಲಿ ಪತ್ನಿ ಸೋಸಿಯಾ ಕ್ಷಯದಿಂದ ತೀರಿಕೊಂಡಳು. ಆ ವರುಷವೇ ನಹಮಾನರಿಗೂ ಅದೇ ಕೆಮ್ಮು ಹತ್ತಿತು. ಮತ್ತೆ ವಿವಾಹವಾದರು, ಚಿಕಿತ್ಸೆಗಾಗಿ ಲೆಂಬರ್ಗ್ ನಗರಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದರು, ಗುಣ ಕಾಣಲಿಲ್ಲ. ಅಲ್ಲಿದ್ದಾಗಲೇ ಷಿಮೋನನನ್ನು ಊರಿಗೆ ಓಡಿಸಿ, ತಾವು ಬರೆಯಿಸಿದ್ದ ಒಂದು ಗ್ರಂಥವನ್ನು ಸುಟ್ಟುಹಾಕಿಸಿದರು. ಅದರಲ್ಲಿ ಏನಿತ್ತೆಂಬುದು ಯಾರಿಗೂ ಉಳಿಯಲಿಲ್ಲ. ಅದೇ 1808ರಲ್ಲಿ ಅವರ ಪ್ರವಚನಗಳ ಮೊದಲನೆಯ ಭಾಗ ಓಸ್ತ್ರೋಗ್ ಪಟ್ಟಣದಲ್ಲಿ ಅಚ್ಚಾಯಿತು.

1810ರ ವಸಂತದಲ್ಲಿ ಬ್ರಾತ್ಸ್ಲಾವಿನ ಅವರ ಮನೆ ಬೆಂಕಿಗೆ ಆಹುತಿಯಾಯಿತು. ಮೇ ತಿಂಗಳಲ್ಲಿ ಅವರು ಉಮಾನ್ ಪಟ್ಟಣಕ್ಕೆ ಹೋದರು. 1768ರ ದಂಗೆಯಲ್ಲಿ ಅಲ್ಲಿ ಸಾವಿರಾರು ಯೆಹೂದ್ಯರು ಕೊಲೆಯಾಗಿದ್ದರು. ಆ ಹುತಾತ್ಮರ ನಡುವೆ ಮಣ್ಣಾಗಬೇಕೆಂಬುದು ಅವರ ಇಚ್ಛೆ. ಅಲ್ಲಿ ಶಾಸ್ತ್ರಾಚಾ​ರಗಳನ್ನು ಬಿಟ್ಟ ಹೊಸ ವಿದ್ಯೆಯ ವಿಚಾರವಾದಿಗಳು ಕೆಲವರಿದ್ದರು. ಅವರೊಡನೆ ಈ ಗುರುಗಳು ನಿಸ್ಸಂಕೋಚವಾಗಿ ಬೆರೆತುದು ಶಿಷ್ಯರಿಗೆ ಆಶ್ಚರ್ಯವಾಗಿತ್ತು.

ಆ ಆಗಸ್ಟ್ ತಿಂಗಳ ಒಂದು ಸಬ್ಬತ್ ದಿನ ನಡೆದ ಸಂಗತಿಯನ್ನು ನಾಥಾನನು ಸವಿಸ್ತಾರವಾಗಿ ಬರೆದಿಟ್ಟಿರುವನು. ದೂರದೂರದಿಂದ ಭಕ್ತರು ಕೂಡಿದ್ದರು. ನಹಮಾನರಿಗೆ ನಿಲ್ಲಲೂ ಶಕ್ತಿಯಿರಲಿಲ್ಲ. ನೆರೆದವರನ್ನು ನೋಡಿ, ತನ್ನ ಬಳಿಗೆ ಏಕೆ ಬಂದಿರೆಂದು ಕೇಳಿದರು. ಪ್ರವಚನ ಹೇಳುವಾಗ ಬಂದರೆ ಸರಿ, ಈಗ ತನಗೆ ಏನೊಂದೂ ತಿಳಿಯದು, ತಾನು ಕೇವಲ ಪಾಮರನಾಗಿರುವೆನು ಎಂದರು. ಅದು ಉಪಚಾರದ ಮಾತಾಗಿರಲಿಲ್ಲ. ಅವರ ಒಳಗು ಆ ಹೊತ್ತಿನಲ್ಲಿ ನಿಜವಾಗಿಯೂ ಬರಿದಾಗಿತ್ತು. ಪುಣ್ಯಭೂಮಿಗೆ ಹೋಗಿಬಂದ ಆ ಒಂದು ದಾರಿಯಿಂದಲೇ ತಾನಿನ್ನೂ ಜೀವ ಹಿಡಿದಿರುವೆನೆಂದರು. ಹೀಗೆ ಹೇಳುತ್ತ ಹೇಳುತ್ತ ಆ ಬರಿದಿನೊಳಗಿಂದಲೇ ಮಾತು ಚಿಮ್ಮಿತು. ಧರ್ಮಶಾಸ್ತ್ರವು ಭೂಮಿಗೆ ಇಳಿಯುವ ಮುಂಚೆ ಇಪ್ಪತ್ತಾರು ತಲೆಮಾರಿನ ಜನರು ಯಾವುದರಿಂದ ಬದುಕಿದರು? ಅರ್ಹತೆಯನ್ನು ನೋಡದೆ ದೇವರು ಕೊಡುವ ಉಚಿತದಾನದ ಭಂಡಾರದಿಂದ. ಏನೂ ತಿಳಿಯದ ಗಳಿಗೆಯಲ್ಲಿ ಗುರುವೂ ಆ ಭಂಡಾರದಿಂದಲೇ ಬದುಕುವನು. ಅವನ ಮೂಲಕ ಅಕ್ಷರವರಿಯದ ಪಾಮರನೂ ಬದುಕುವನು. ಆದುದರಿಂದ ಎಷ್ಟು ಕೆಳಕ್ಕೆ ಬಿದ್ದವನಿಗೂ ನಿರಾಶನಾಗುವ ಅಧಿಕಾರವಿಲ್ಲ. ಇಷ್ಟು ಹೇಳಿ, ಹತಾಶೆಯೆಂಬುದು ಲೋಕದಲ್ಲಿ ಇಲ್ಲವೇ ಇಲ್ಲವೆಂಬ ಅರ್ಥದ ಮಾತನ್ನು, ಕ್ಷೀಣವಾದ ಎದೆಯಿಂದ ದೀರ್ಘವಾಗಿ ಎಳೆದು ಕೂಗಿದರು. ಕೇಳಿದವರು ಸಾಯುವವರೆಗೂ ಆ ದನಿಯನ್ನು ಮರೆಯಲಿಲ್ಲ.

ಆ ವರುಷದ ಹೊಸವರುಷದ ಹಬ್ಬಕ್ಕೆ ನೂರಾರು ಜನರು ಬಂದಿದ್ದರು. ರಕ್ತ ಕಾರುತ್ತಲೇ ಅವರು ಕೊನೆಯ ಪ್ರವಚನ ಮಾಡಿದರು. 1810ನೆಯ ಇಸವಿ ಅಕ್ಟೋಬರ್ 16ರಂದು, ಪರ್ಣಶಾಲೆಗಳ ಹಬ್ಬದ ನಡುವೆ, ದೇಹವನ್ನು ಬಿಟ್ಟರು. ತನ್ನ ಸಮಾಧಿಗೆ ಬಂದು, ಒಂದು ಕಾಸನ್ನು ಬಡವರಿಗೆ ಕೊಟ್ಟು, ತಾನು ಆಯ್ದ ಹತ್ತು ಕೀರ್ತನೆಗಳನ್ನು ಹೇಳಿದವನು ಎಂತಹ ಪಾಪಿಯಾಗಿದ್ದರೂ ಅವನ ಕೆನ್ನೆಯ ಜಡೆಯನ್ನು ಹಿಡಿದಾದರೂ ನರಕದಿಂದ ಎಳೆಯುವೆನೆಂದು ಅವರು ಇಬ್ಬರು ಸಾಕ್ಷಿಗಳ ಮುಂದೆ ಮಾತು ಕೊಟ್ಟಿದ್ದರು.

ಅವರ ತರುವಾಯ ಪೀಠಕ್ಕೆ ಯಾರೂ ಬರಲಿಲ್ಲ. ಪಟ್ಟಾಧಿಕಾರದ ಸಂಪ್ರದಾಯಕ್ಕೆ ಒಗ್ಗಿದ ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ಉಳಿದ ಹಸೀದರಿಗೂ ಹಾಗೆಯೇ ತೋರಿತು. ಬದುಕಿರುವ ಗುರುವಿಲ್ಲದ ಇವರನ್ನು ಸತ್ತವರ ಹಸೀದರೆಂದು ಅವರು ಹಾಸ್ಯ ಮಾಡಿದರು. ನಾಥಾನನು ತಾನು ಗುರುವೆನ್ನಿಸಿಕೊಳ್ಳಲು ಒಪ್ಪದೆ, ಗ್ರಂಥಗಳನ್ನು ಅಚ್ಚು ಹಾಕಿಸುತ್ತ, ಉಮಾನಿನಲ್ಲಿ ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿ, ವಿರೋಧಿಗಳಿಂದ ಬಹಳ ಹಿಂಸೆಯನ್ನು ಅನುಭವಿಸಿ 1844ರಲ್ಲಿ ತೀರಿಕೊಂಡನು. ರಷ್ಯಾದ ಕ್ರಾಂತಿಯ ಅನಂತರ ಸಮಾಧಿಯ ದಾರಿ ಮುಚ್ಚಿತು. 1941ರಲ್ಲಿ ಜರ್ಮನರು ಉಮಾನಿನ ಯೆಹೂದ್ಯರನ್ನು ಕೊಂದರು. ಸೋವಿಯತ್ ಆಳ್ವಿಕೆಯಲ್ಲಿ ಪ್ರಾಣವನ್ನು ಲೆಕ್ಕಿಸದೆ ಗುಟ್ಟಾಗಿ ಬಂದುಹೋಗುತ್ತಿದ್ದವರು ಬೆರಳೆಣಿಕೆಯ ಮಂದಿ. ಆ ಆಳ್ವಿಕೆ ಮುಗಿದ ಮೇಲೆ ಪ್ರತಿ ಹೊಸವರುಷದ ಹಬ್ಬಕ್ಕೂ ಸಾವಿರ ಸಾವಿರ ಜನರು ಅಲ್ಲಿ ಸೇರತೊಡಗಿದರು. 2022ರಲ್ಲಿ ಯುಕ್ರೇನಿನ ಮೇಲೆ ಯುದ್ಧ ನಡೆಯುತ್ತಿದ್ದಾಗಲೂ ಬರುವವರು ನಿಲ್ಲಲಿಲ್ಲ.

ತೆಪ್ಲಿಕ್ ಊರಿನ ಭಕ್ತನೊಬ್ಬನು ನಹಮಾನರಿಗೆ ಕೆತ್ತನೆಯ ಕೆಲಸದ ಒಂದು ಕುರ್ಚಿಯನ್ನು ಮಾಡಿಕೊಟ್ಟಿದ್ದನು. ಇಪ್ಪತ್ತನೆಯ ಶತಮಾನದ ಕಷ್ಟಕಾಲದಲ್ಲಿ ಅದನ್ನು ತುಂಡುತುಂಡಾಗಿ ಬಿಡಿಸಿ ಯುಕ್ರೇನಿನಿಂದ ಹೊರಕ್ಕೆ ಸಾಗಿಸಿದರು. ಮತ್ತೆ ಜೋಡಿಸಿದ ಆ ಕುರ್ಚಿ ಈಗ ಜೆರೂಸಲೇಮಿನ ಬ್ರಾತ್ಸ್ಲಾವ್ ಪ್ರಾರ್ಥನಾಮಂದಿರದಲ್ಲಿ ಇದೆ. ಅದರ ಮೇಲೆ ಯಾರೂ ಕುಳಿತುಕೊಳ್ಳುವುದಿಲ್ಲ.